ಗಣಕಯಂತ್ರದ ದನಿ ಪಡಸಾಲೆಗೆ ಬರಲಿ

ಕೇಳುವುದು ನಮ್ಮ ನಾಡಿನ ಹಳೆಯ ವಿದ್ಯಾಭ್ಯಾಸ. ಅಕ್ಷರ ಬಾರದ ಅಜ್ಜಿಯೂ ಪುರಾಣ ಬಲ್ಲವಳಾಗಿದ್ದಳು. ಏಕೆಂದರೆ ಆಕೆ ಶ್ರಾವಣಮಾಸದ ಸಂಜೆಗಳಲ್ಲಿ ಗುಡಿಯ ಕಟ್ಟೆಯ ಮೇಲೆ ಕುಳಿತು ಮನಸ್ಸಿಟ್ಟು ಕೇಳಿದ್ದಳು. ಪ್ರವಚನ, ಭಜನೆ, ವಚನಗಾಯನ, ಕಣದಲ್ಲಿ ಹಾಡುವ ಹಂತಿಯ ಪದ ಇವೆಲ್ಲವೂ ಕಿವಿಯಿಂದ ಕಿವಿಗೆ ಹರಿದು ಬಂದ ಸಂಪತ್ತು. ಈ ಕೇಳ್ಮೆಗೆ ಇನ್ನೊಂದು ಗುಣವಿತ್ತು. ಅದು ಒಬ್ಬರಿಗೇ ಮೀಸಲಾಗಿರಲಿಲ್ಲ. ಪಡಸಾಲೆಯಲ್ಲಿ ದನಿಯೆದ್ದರೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಸೊಸೆಗೂ, ಅಂಗಳದಲ್ಲಿ ದನಕ್ಕೆ ಮೇವು ಹಾಕುತ್ತಿದ್ದ ಮಗನಿಗೂ, ತೊಟ್ಟಿಲಲ್ಲಿದ್ದ ಕೂಸಿಗೂ ಅದು ಸಮನಾಗಿ ಸಲ್ಲುತ್ತಿತ್ತು.

ನಾವು ಮಠದಲ್ಲಿ ಓದುತ್ತಿದ್ದ 1970ರ ದಶಕದಲ್ಲಿ ಇಡೀ ಪ್ರಸಾದನಿಲಯಕ್ಕೆ ಇದ್ದುದು ಒಂದೇ ರೇಡಿಯೊ. ಧಾರವಾಡ ಆಕಾಶವಾಣಿಯಿಂದ ಮಲ್ಲಿಕಾರ್ಜುನ ಮನಸೂರರ ಗಾಯನ ಬರುತ್ತದೆಂದರೆ ಬಾಗಿಲಿನ ಹೊಸ್ತಿಲವರೆಗೂ ವಿದ್ಯಾರ್ಥಿಗಳು ಕುಳಿತಿರುತ್ತಿದ್ದರು. ಹಾಡು ಮುಗಿದ ಮೇಲೆ ಅದರ ಬಗೆಗೆ ಮಾತು ನಡೆಯುತ್ತಿತ್ತು. ರಾಗ ಯಾವುದೆಂದು ವಾದವಾಗುತ್ತಿತ್ತು. ಕೂಡಿ ಕೇಳಿದವರಿಗೆ ಮಾತ್ರ ಕೂಡಿ ಮಾತನಾಡಲು ವಿಷಯವಿರುತ್ತದೆಂಬುದನ್ನು ನಾವು ಅಲ್ಲಿಯೇ ಅರಿತೆವು.

ಇಂದು ಮನೆಯಲ್ಲಿ ಐವರಿದ್ದರೆ ಮೊಬೈಲುಗಳೂ ಐದು. ಕೇಳುವ ಸಾಮಗ್ರಿಯೇನೋ ಹಿಂದೆಂದಿಗಿಂತ ಹೆಚ್ಚಾಗಿದೆ. ಒಂದು ಗುಂಡಿಯನ್ನೊತ್ತಿದರೆ ಮನಸೂರರೂ ಬರುತ್ತಾರೆ, ಗಂಗೂಬಾಯಿ ಹಾನಗಲ್ಲರೂ ಬರುತ್ತಾರೆ, ಗದುಗಿನ ಪುಟ್ಟರಾಜ ಗವಾಯಿಗಳೂ ಬರುತ್ತಾರೆ. 2023ರ ಜನವರಿ 2ರಂದು ಲಿಂಗೈಕ್ಯರಾದ ವಿಜಯಪುರ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮಿಗಳ ಪ್ರವಚನವೂ ಗಣಕಯಂತ್ರದಲ್ಲಿ ದೊರೆಯುತ್ತದೆ. ಆದರೆ ಅವೆಲ್ಲ ಒಬ್ಬೊಬ್ಬರ ಕಿವಿಯೊಳಗಿನ ಇಯರ್‌ಫೋನಿನಲ್ಲಿ ಬಂದು ಅಲ್ಲಿಯೇ ಮುಗಿದುಹೋಗುತ್ತವೆ. ಕಣ್ಣು ಮಂದವಾದ, ಬೆರಳು ನಡುಗುವ, ಮೊಬೈಲಿನ ಗಾಜನ್ನು ಮುಟ್ಟಿ ಅಭ್ಯಾಸವಿಲ್ಲದ ಹಿರಿಯರಿಗೆ ಮಾತ್ರ ಏನೂ ತಲುಪುವುದಿಲ್ಲ. ಅದೇ ಮನೆಯ ಕಪಾಟಿನಲ್ಲಿ, ಒಂದು ಕಾಲದಲ್ಲಿ ಹಣ ಕೂಡಿಟ್ಟು ತಂದ ಸ್ಟೀರಿಯೊ, ಅದರ ಎರಡು ಕಟ್ಟಿಗೆಯ ಪೆಟ್ಟಿಗೆಗಳೊಡನೆ ಧೂಳು ಹಿಡಿದು ಕುಳಿತಿರುತ್ತದೆ. ಈ ಎರಡನ್ನೂ, ಅಂದರೆ ಗಣಕಯಂತ್ರದ ಭಂಡಾರವನ್ನೂ ಪಡಸಾಲೆಯ ಸ್ಟೀರಿಯೊವನ್ನೂ ತಂತಿಯಿಲ್ಲದೆ ಕೂಡಿಸುವ ಸುಲಭೋಪಾಯವೊಂದಿದೆ. ಅದನ್ನು ನಮ್ಮ ಕುಟುಂಬಗಳಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ಸಾಲೋಟಗಿಯ ಒಂದು ಮನೆಯಲ್ಲಿ

ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ನಮ್ಮ ಪರಿಚಯದ ಮನೆತನವೊಂದಿದೆ. ಆ ಮನೆಯ ಯಜಮಾನರು ಭಜನಾಮಂಡಳಿಯಲ್ಲಿ ಹಾಡುತ್ತಿದ್ದವರು. ತೀರಿಕೊಂಡು ಹಲವು ವರ್ಷಗಳಾದವು. ಅವರು ಹಾಡಿದ ಒಂದು ಕ್ಯಾಸೆಟ್ಟು ಮಾತ್ರ ಉಳಿದಿತ್ತು. ಸೋಲಾಪುರದಲ್ಲಿ ನೌಕರಿ ಮಾಡುವ ಮೊಮ್ಮಗ ಅದನ್ನು ಗಣಕಯಂತ್ರಕ್ಕೆ ಇಳಿಸಿಕೊಂಡು ಊರಿಗೆ ಬಂದಿದ್ದ. ಮೊದಲು ಮೊಬೈಲಿನಲ್ಲಿಯೇ ಹಾಕಿ ಅಜ್ಜಿಯ ಕಿವಿಯ ಬಳಿ ಹಿಡಿದ. ಆಕೆಗೆ ಅದು ಕೀಚು ದನಿಯಾಗಿ ಕೇಳಿಸಿತೇ ಹೊರತು ಹಾಡೆನಿಸಲಿಲ್ಲ.

ಮರುದಿನ ಆತ ಒಂದು ಸಣ್ಣ ಬ್ಲೂಟೂತ್ ರಿಸೀವರ್ ತಂದು, ಹಳೆಯ ಸ್ಟೀರಿಯೊದ ಹಿಂಬದಿಯಲ್ಲಿ ಖಾಲಿಯಿದ್ದ ತೂತುಗಳಿಗೆ ಪಿನ್ನು ಸಿಕ್ಕಿಸಿದ. ದನಿ ದೊಡ್ಡದಾಗಿಯೇ ಬಂತು, ಆದರೆ ಒಡೆದು ಬಂತು. ಅಜ್ಜಿ ಸ್ವಲ್ಪ ಹೊತ್ತು ಕೇಳಿ, "ಇದು ಅವರ ದನಿ ಅಲ್ಲೋ ಮಗಾ. ಅವರ ದನಿ ಹಿಂಗ ಒಡಕ ಇರಲಿಲ್ಲ" ಎಂದಳು. ಮೊಮ್ಮಗನ ಮುಖ ಸಣ್ಣದಾಯಿತು. ಅಲ್ಲಿಯೇ ಇದ್ದ ಆತನ ಸೋದರಮಾವ, ಹಿಂದೆ ರೇಡಿಯೊ ರಿಪೇರಿ ಮಾಡಿದವರು, ಸ್ಟೀರಿಯೊವನ್ನು ತಿರುಗಿಸಿ ನೋಡಿ, "ತಮ್ಮಾ, ನೀ ಫೋನೋದಾಗ ಹಾಕೀದಿ. ಆಕ್ಸ್ ಅಂತ ಬರದೈತಲ್ಲ, ಅದರಾಗ ಹಾಕು" ಎಂದರು. ಪಿನ್ನು ಬದಲಾಯಿತು. ಹಾರ್ಮೋನಿಯಮ್ಮಿನ ಶ್ರುತಿ ಪಡಸಾಲೆಯನ್ನು ತುಂಬಿತು. ಹಿಂದೆಯೇ ಹಾಡು ಬಂತು. ಅಜ್ಜಿ ಏನೂ ಮಾತನಾಡಲಿಲ್ಲ. ಗೋಡೆಗೆ ಒರಗಿದ್ದವಳು ನೆಟ್ಟಗೆ ಕುಳಿತು ತಲೆಯ ಮೇಲೆ ಸೆರಗೆಳೆದುಕೊಂಡಳು.

"ಕೇಳಸ್ತೈತೇನು ಆಯಿ?" ಎಂದು ಮೊಮ್ಮಗ ಕೇಳಿದ.

"ಸುಮ್ಕಿರು. ಅವರು ಹಾಡಾಕತ್ತಾರ" ಎಂದಳು.

ಅಂದು ನೆರೆಮನೆಯವರೂ ಬಂದು ಕುಳಿತರು. ಆ ಕ್ಯಾಸೆಟ್ಟಿನಲ್ಲಿ ತಾಳ ಹಾಕಿದವರು ಯಾರು, ಹಿಮ್ಮೇಳದಲ್ಲಿದ್ದವರು ಯಾರು ಎಂಬ ಮಾತು ರಾತ್ರಿಯವರೆಗೆ ನಡೆಯಿತು. ಒಂದೇ ಹಾಡು ಮೊಬೈಲಿನಲ್ಲಿ ಒಬ್ಬನದಾಗಿತ್ತು, ಸ್ಟೀರಿಯೊದಲ್ಲಿ ಓಣಿಯದಾಯಿತು.

ಒಂದೇ ಶತಮಾನದ ಇಬ್ಬರು ಅರಸರು

ಸಾಲೋಟಗಿ ಸಾಮಾನ್ಯ ಊರಲ್ಲ. ಶಿವಯೋಗೇಶ್ವರರ ಸನ್ನಿಧಿಯಿಂದ ಹೆಸರಾದ ಈ ಊರು ಇತಿಹಾಸಕಾರರಿಗೆ ಇನ್ನೊಂದು ಕಾರಣದಿಂದ ಪ್ರಿಯವಾದುದು. ಇಲ್ಲಿ ದೊರೆತ ಕ್ರಿ.ಶ. 945ರ ಸ್ತಂಭಶಾಸನವು ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಪಾವಿಟ್ಟಗೆಯೆಂಬ ಈ ಗ್ರಾಮದಲ್ಲಿ ಶಾಲೆಯನ್ನು ಕಟ್ಟಿಸಿದ ಸಂಗತಿಯನ್ನು ಹೇಳುತ್ತದೆ. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ 27 ವಸತಿಗೃಹಗಳಿದ್ದವು. ದೀಪದ ವೆಚ್ಚಕ್ಕೆಂದೇ ಬೇರೆಯಾಗಿ ಭೂಮಿಯನ್ನು ಬಿಡಲಾಗಿತ್ತು. ಶಾಲೆ, ಪಾವಿಟ್ಟಗೆ ಎಂಬ ಎರಡು ಪದಗಳು ಕೂಡಿ ಸವೆದು ಸಾಲೋಟಗಿಯಾಯಿತೆಂದು ವಿದ್ವಾಂಸರು ಹೇಳುತ್ತಾರೆ. ಆ ಶಾಲೆಯಲ್ಲಿಯೂ ವಿದ್ಯೆ ಸಾಗಿದ್ದು ಗುರುವಿನ ಬಾಯಿಂದ ಶಿಷ್ಯರ ಕಿವಿಗೆ.

ಅದೇ ಹತ್ತನೆಯ ಶತಮಾನದಲ್ಲಿ, ಭೂಮಿಯ ಇನ್ನೊಂದು ಮೂಲೆಯ ಡೆನ್ಮಾರ್ಕಿನಲ್ಲಿ ಹೆರಾಲ್ಡ್ ಎಂಬ ಅರಸನಿದ್ದ. ಆತನ ಅಡ್ಡಹೆಸರಿಗೆ 'ನೀಲಿ ಹಲ್ಲಿನವನು' ಎಂಬ ಅರ್ಥ ಬರುತ್ತದೆ. ಡೆನ್ಮಾರ್ಕಿನ ಒಡೆದ ಪಂಗಡಗಳನ್ನು ಒಂದುಗೂಡಿಸಿದವನೆಂದು ಆತನಿಗೆ ಕೀರ್ತಿ. ಸ್ವೀಡನ್ನಿನ ಎರಿಕ್ಸನ್ ಸಂಸ್ಥೆಯಲ್ಲಿ 1994ರಲ್ಲಿ ಆರಂಭವಾದ ಕಿರುದೂರದ ನಿಸ್ತಂತು ಸಂಪರ್ಕದ ಕೆಲಸಕ್ಕೆ ಮುಂದೆ ಈ ಅರಸನ ಹೆಸರನ್ನೇ ಇಡಲಾಯಿತು. ಬೇರೆ ಬೇರೆ ಕಂಪನಿಗಳ ಯಂತ್ರಗಳನ್ನು ಒಂದುಗೂಡಿಸುವ ವಿದ್ಯೆಗೆ ಅದು ಒಪ್ಪುವ ಹೆಸರೆಂದು ಭಾವಿಸಿದರು. ಅದೇ ಬ್ಲೂಟೂತ್. 1998ರಲ್ಲಿ ಎರಿಕ್ಸನ್, ಇಂಟೆಲ್, ಐಬಿಎಂ, ನೋಕಿಯಾ, ತೋಶಿಬಾ ಎಂಬ ಐದು ಕಂಪನಿಗಳು ಕೂಡಿ ಇದಕ್ಕಾಗಿ ಒಂದು ಒಕ್ಕೂಟವನ್ನೇ ರಚಿಸಿದವು. ಕೃಷ್ಣನ ಕಾಲದವನಾದ ಹೆರಾಲ್ಡನ ಹೆಸರಿನ ಯಂತ್ರವು ಕೃಷ್ಣನ ಶಾಸನದ ಊರಿನಲ್ಲಿ ಅಜ್ಜಿಗೆ ಅಜ್ಜನ ದನಿಯನ್ನು ತಂದುಕೊಟ್ಟಿತೆಂಬುದು ನೆನೆಯಲು ಸೊಗಸಾದ ಸಂಗತಿ.

ದನಿ ಸಾಗುವ ಬಗೆ

ಗಣಕಯಂತ್ರದಲ್ಲಿ ಹಾಡು ಹಾಡಾಗಿ ಇರುವುದಿಲ್ಲ, ಅಂಕಿಗಳಾಗಿ ಇರುತ್ತದೆ. ಸಿ.ಡಿ.ಯ ಗುಣಮಟ್ಟದ ಧ್ವನಿಯೆಂದರೆ ಒಂದು ಸೆಕೆಂಡಿನ ದನಿಯನ್ನು 44,100 ಸಲ ಅಳೆದು ಬರೆದಿಟ್ಟ ಲೆಕ್ಕ. ಈ ಅಂಕಿಗಳನ್ನು ಗಣಕಯಂತ್ರವು ಅಡಕ ಮಾಡಿ ರೇಡಿಯೊ ಅಲೆಗಳ ಮೇಲೇರಿಸಿ ಕಳುಹಿಸುತ್ತದೆ. ಸ್ಟೀರಿಯೊದ ಬಳಿಯಿರುವ ರಿಸೀವರ್ ಅವುಗಳನ್ನು ಹಿಡಿದು ಮತ್ತೆ ವಿದ್ಯುತ್ತಿನ ಏರಿಳಿತವನ್ನಾಗಿ ಮಾರ್ಪಡಿಸುತ್ತದೆ. ಆಂಪ್ಲಿಫೈಯರ್ ಅದಕ್ಕೆ ಬಲ ತುಂಬುತ್ತದೆ. ಸ್ಪೀಕರಿನ ಕಾಗದದ ಬಟ್ಟಲು ಅದಕ್ಕೆ ತಕ್ಕಂತೆ ಅಲುಗಿ ಗಾಳಿಯನ್ನು ತಳ್ಳುತ್ತದೆ. ಆ ಗಾಳಿಯೇ ನಮ್ಮ ಕಿವಿಗೆ ಹಾಡು.

ಮೊಬೈಲಿನ ಪುಟ್ಟ ಸ್ಪೀಕರ್ ತಳ್ಳುವ ಗಾಳಿ ತೀರ ಕಡಿಮೆ. ಗಂಡುದನಿಯ ಬುಡದ ಸ್ವರವನ್ನೂ ಡಗ್ಗಾದ ಗುಮಿಕೆಯನ್ನೂ ಅದು ಬಿಟ್ಟುಕೊಡುತ್ತದೆ. ಮೇಲಿನ ಸ್ವರಗಳು ಮಾತ್ರ ಉಳಿಯುತ್ತವೆ. ಆ ಅಜ್ಜಿಗೆ ಮೊಬೈಲಿನ ಹಾಡು ಕೀಚು ದನಿಯಾಗಿ ಕೇಳಿಸಿದ್ದಕ್ಕೆ ಕಾರಣ ಅದುವೇ. ವಯಸ್ಸಾದ ಕಿವಿಯು ಮೊದಲು ಕಳೆದುಕೊಳ್ಳುವುದೂ ಮೇಲಿನ ಸ್ವರಗಳನ್ನೇ. ಹೀಗಾಗಿ ಹಿರಿಯರಿಗೆ ದೊಡ್ಡ ಪೆಟ್ಟಿಗೆಯ ತುಂಬುದನಿ ಹೆಚ್ಚು ಹಿತ.

ಬ್ಲೂಟೂತ್ ಬಳಸುವ ಅಲೆಯ ಕಂಪನ ಸೆಕೆಂಡಿಗೆ ಸುಮಾರು 240 ಕೋಟಿ, ಅಂದರೆ 2.4 ಗಿಗಾಹರ್ಟ್ಸ್. ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರು, ಅರ್ಧ ಗೇಣಿನ ಆಸುಪಾಸು. ಈ ಪಟ್ಟಿಯಲ್ಲಿ ವೈ-ಫೈ ಕೂಡ ಓಡಾಡುತ್ತದೆ. ಗದ್ದಲದಲ್ಲಿ ಸಿಕ್ಕಿಕೊಳ್ಳಬಾರದೆಂದು ಬ್ಲೂಟೂತ್ ಒಂದೇ ಹಾದಿಯಲ್ಲಿ ನಿಲ್ಲದೆ, 79 ಕಿರುಹಾದಿಗಳ ನಡುವೆ ಸೆಕೆಂಡಿಗೆ 1,600 ಸಲ ಜಿಗಿಯುತ್ತ ಸಾಗುತ್ತದೆ. ನಿಸ್ತಂತು ಅಲೆಯು ಗೋಡೆಯನ್ನು ದಾಟಿ ಗಂಟೆ ಬಾರಿಸಬಲ್ಲದೆಂದು ಆಚಾರ್ಯ ಜಗದೀಶಚಂದ್ರ ಬೋಸರು 1895ರಲ್ಲಿಯೇ ಕಲ್ಕತ್ತೆಯಲ್ಲಿ ತೋರಿಸಿದ್ದರೆಂಬುದನ್ನು ನಮ್ಮ ಮಕ್ಕಳಿಗೆ ಈ ಸಂದರ್ಭದಲ್ಲಿ ಹೇಳಬೇಕು.

1980ರ ದಶಕದವರೆಗೂ ನಮ್ಮ ದೇಶದಲ್ಲಿ ಮನೆಯಲ್ಲಿ ರೇಡಿಯೊ ಇಟ್ಟುಕೊಳ್ಳಲು ಅಂಚೆಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸು ಪಡೆಯಬೇಕಾಗಿತ್ತು. ಈಗ ಮನೆಯೊಳಗೆ ಅಲೆಯನ್ನು ಕಳುಹಿಸುವುದಕ್ಕೂ ಅಪ್ಪಣೆ ಬೇಕಿಲ್ಲ. ಭಾರತ ಸರ್ಕಾರವು 2005ರಲ್ಲಿ ಕಿರುಶಕ್ತಿಯ ಉಪಕರಣಗಳಿಗೆ 2.4 ಗಿಗಾಹರ್ಟ್ಸಿನ ಪಟ್ಟಿಯನ್ನು ಲೈಸೆನ್ಸಿನಿಂದ ಮುಕ್ತಗೊಳಿಸಿತು.

ಎರಡು ಹಾದಿಗಳು

ಗಣಕಯಂತ್ರದಿಂದ ಸ್ಟೀರಿಯೊಗೆ ದನಿಯನ್ನು ಕಳುಹಿಸಲು ಮುಖ್ಯವಾಗಿ ಎರಡು ಹಾದಿಗಳಿವೆ. ಒಂದು ಬ್ಲೂಟೂತ್, ಇನ್ನೊಂದು ವೈ-ಫೈ.

ಬ್ಲೂಟೂತಿಗೆ ಅಂತರ್ಜಾಲವಾಗಲಿ ರೂಟರ್ ಆಗಲಿ ಬೇಕಿಲ್ಲ. ಹಾಡು ಗಣಕಯಂತ್ರದಲ್ಲಿಯೇ ಇದ್ದರೆ ಸಾಕು. ನೆಟ್‌ವರ್ಕ್ ಕೈಕೊಡುವ ನಮ್ಮ ಹಳ್ಳಿಗಳಿಗೆ ಇದು ದೊಡ್ಡ ಅನುಕೂಲ. ರಿಸೀವರಿನ ಬೆಲೆ ಕೆಲವು ನೂರು ರೂಪಾಯಿಗಳಿಂದ ಆರಂಭವಾಗುತ್ತದೆ. ಆದರೆ ಸಾಮಾನ್ಯ ಉಪಕರಣಗಳ ಹರವು ಸುಮಾರು 10 ಮೀಟರು, ಅದೂ ಅಡ್ಡಿಯಿಲ್ಲದಿದ್ದರೆ. ಕಲ್ಲುಮಣ್ಣಿನ ದಪ್ಪ ಗೋಡೆಗಳ ಹಳೆಯ ಮನೆಯಲ್ಲಿ ಅಷ್ಟು ದೂರ ನಡೆಯದು.

ವೈ-ಫೈ ಮನೆಯ ರೂಟರಿನ ಮೂಲಕ ಸಾಗುವುದರಿಂದ ಅದರ ಹರವು ಹೆಚ್ಚು, ದನಿಯನ್ನು ಅಷ್ಟಾಗಿ ಅಡಕಗೊಳಿಸಬೇಕಾಗಿಯೂ ಇಲ್ಲ. ಆ್ಯಪಲ್ ಕಂಪನಿಯು 2004ರಲ್ಲಿಯೇ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಎಂಬ ಪೆಟ್ಟಿಗೆಯ ಮೂಲಕ ಗಣಕಯಂತ್ರದ ಹಾಡನ್ನು ಮನೆಯ ಸ್ಟೀರಿಯೊಗೆ ತಲುಪಿಸುವ ವ್ಯವಸ್ಥೆ ಮಾಡಿತ್ತು. ಗೂಗಲ್ ಕಂಪನಿಯು 2015ರಲ್ಲಿ ಕ್ರೋಮ್‌ಕಾಸ್ಟ್ ಆಡಿಯೊ ಎಂಬ ಬಿಲ್ಲೆಯನ್ನು ತಂದು 2019ರಲ್ಲಿ ಅದರ ತಯಾರಿಕೆಯನ್ನು ನಿಲ್ಲಿಸಿತು. ಆ್ಯಪಲ್ ಕಂಪನಿಯ ಆ ಪೆಟ್ಟಿಗೆಯೂ 2018ರಲ್ಲಿ ನಿಂತಿತು. ಇದರಿಂದ ಕಲಿಯಬೇಕಾದ ಪಾಠವೊಂದಿದೆ. ಇಂಥ ಪೆಟ್ಟಿಗೆಗಳು ಬರುತ್ತವೆ, ಹೋಗುತ್ತವೆ; ಒಳ್ಳೆಯ ಸ್ಪೀಕರುಗಳು ಮಾತ್ರ ದಶಕಗಟ್ಟಲೆ ಬಾಳುತ್ತವೆ. ಆದುದರಿಂದ ಬೆಲೆಬಾಳುವ ಹೊಸ ಸೆಟ್ಟಿಗೆ ಹಣ ಸುರಿಯುವ ಮುನ್ನ ಮನೆಯಲ್ಲಿರುವ ಹಳೆಯದಕ್ಕೆ ಅಗ್ಗದ ಕೊಂಡಿಯೊಂದನ್ನು ಜೋಡಿಸಿ ನೋಡುವುದು ವಿವೇಕ.

ಜೋಡಣೆಯ ಕ್ರಮ

ತಿಳಿಯದವರಿಗಾಗಿ ಕ್ರಮವನ್ನು ಹೇಳುತ್ತೇವೆ. ಮೊದಲು ಸ್ಟೀರಿಯೊದ ಬೆನ್ನನ್ನು ನೋಡಿರಿ. ಕೆಂಪು ಬಿಳಿ ಬಣ್ಣದ ಜೋಡಿ ತೂತುಗಳಿದ್ದು 'ಆಕ್ಸ್' ಅಥವಾ 'ಟೇಪ್ ಇನ್' ಎಂದು ಬರೆದಿದ್ದರೆ ಅಲ್ಲಿಗೆ ರಿಸೀವರಿನ ವೈರನ್ನು ಸಿಕ್ಕಿಸಬಹುದು. 'ಫೋನೋ' ಎಂದು ಬರೆದ ತೂತು ಗ್ರಾಮೊಫೋನ್ ತಟ್ಟೆಯ ಕ್ಷೀಣವಾದ ದನಿಗಾಗಿ ಇರುವುದು. ಅದು ಬಂದ ದನಿಯನ್ನು ಬಹಳವಾಗಿ ಹಿಗ್ಗಿಸುತ್ತದೆ. ಅಲ್ಲಿ ಸಿಕ್ಕಿಸಿದರೆ ಒಡಕು ದನಿಯೇ ಗತಿ. ಕೆಲವು ಹಳೆಯ ಸೆಟ್ಟುಗಳಲ್ಲಿ ಐದು ಕಡ್ಡಿಗಳ ದುಂಡನೆಯ ಪಿನ್ನು ಇರುತ್ತದೆ. ಅದಕ್ಕೆ ಹೊಂದುವ ವೈರು ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಲ್ಲಿ ದೊರೆಯುತ್ತದೆ.

ಎರಡನೆಯದಾಗಿ, ರಿಸೀವರಿಗೆ ಮೊಬೈಲ್ ಚಾರ್ಜರಿನಿಂದಲೇ ವಿದ್ಯುತ್ತು ಕೊಡಬಹುದು. ಅದರ ದೀಪ ಮಿನುಗತೊಡಗಿದಾಗ ಗಣಕಯಂತ್ರದ ಸೆಟ್ಟಿಂಗ್ಸಿನಲ್ಲಿ ಬ್ಲೂಟೂತನ್ನು ತೆರೆದು, ಅಲ್ಲಿ ಕಾಣುವ ರಿಸೀವರಿನ ಹೆಸರನ್ನು ಆಯ್ದುಕೊಂಡರೆ ಜೋಡಣೆಯಾಗುತ್ತದೆ. ಆಮೇಲೆ ದನಿ ಹೊರಡುವ ದಾರಿಯಾಗಿ ಅದೇ ಹೆಸರನ್ನು ಆರಿಸಬೇಕು. ಹಳೆಯ ಗಣಕಯಂತ್ರದಲ್ಲಿ ಬ್ಲೂಟೂತ್ ಇರದಿದ್ದರೆ ಉಗುರಿನಷ್ಟು ಚಿಕ್ಕ ಯುಎಸ್‌ಬಿ ಬಿಲ್ಲೆಯನ್ನು ಸಿಕ್ಕಿಸಿದರಾಯಿತು.

ಮೂರನೆಯದಾಗಿ, ರಿಸೀವರನ್ನು ಕಬ್ಬಿಣದ ಕಪಾಟಿನ ಹಿಂದೆ ಇಡಬೇಡಿರಿ. ಲೋಹವು ಅಲೆಯನ್ನು ತಡೆಯುತ್ತದೆ. ಮನುಷ್ಯರ ಮೈಯಲ್ಲಿರುವ ನೀರೂ ಅಲೆಯನ್ನು ಹೀರುತ್ತದೆ. ಮಂದಿ ಅಡ್ಡ ಕುಳಿತರೆ ಹಾಡು ತಡವರಿಸುವುದು ಇದರಿಂದಲೇ. ತುಸು ಎತ್ತರದಲ್ಲಿ, ಗಣಕಯಂತ್ರಕ್ಕೆ ಕಾಣುವಂತೆ ಇಡುವುದು ಉತ್ತಮ. ದನಿ ತಲುಪಲು ಸೆಕೆಂಡಿನ ಒಂದು ಸಣ್ಣ ಪಾಲಿನಷ್ಟು ತಡವಾಗುವುದುಂಟು. ಚಲನಚಿತ್ರ ನೋಡುವವರಿಗೆ ತುಟಿಗೂ ಮಾತಿಗೂ ಹೊಂದಿಕೆ ತಪ್ಪಿದಂತೆನಿಸಬಹುದು. ಹಾಡು ಕೇಳುವವರಿಗೆ ಅದರಿಂದ ಬಾಧಕವಿಲ್ಲ.

ಒಂದು ಎಚ್ಚರಿಕೆ. ವಾಲ್ವ್ ಇರುವ ಬಹಳ ಹಳೆಯ ರೇಡಿಯೊಗಳಿಗೆ ನೀವಾಗಿಯೇ ವೈರು ಜೋಡಿಸಲು ಹೋಗಬೇಡಿರಿ. ಅವುಗಳಲ್ಲಿ ಕೆಲವಕ್ಕೆ ಒಳಗಿನ ಲೋಹದ ತಳಕ್ಕೇ ನೇರವಾಗಿ ಕರೆಂಟು ತಾಗಿರುತ್ತದೆ. ಮುಟ್ಟಿದರೆ ಪ್ರಾಣಕ್ಕೆ ಅಪಾಯ. ಬಲ್ಲ ರಿಪೇರಿಯವರನ್ನು ಕರೆಯಿಸಿ ಮಾಡಿಸಬೇಕು.

ಕ್ಯಾಸೆಟ್ಟುಗಳು ಕಾಯುವುದಿಲ್ಲ

ಇಷ್ಟೆಲ್ಲ ಸಲಕರಣೆ ಏತಕ್ಕೆ ಎಂದು ಕೇಳುವವರಿರಬಹುದು. ಆಕಾಶವಾಣಿಯ ನಿಲಯಗಳು ಈಗ ಅಂತರ್ಜಾಲದಲ್ಲಿಯೂ ದೊರೆಯುತ್ತವೆ. ದೂರದ ಪುಣೆಯಲ್ಲಾಗಲಿ ಅಮೆರಿಕೆಯಲ್ಲಾಗಲಿ ಇರುವ ನಮ್ಮ ಮಕ್ಕಳು ಕನ್ನಡದ ಕಾರ್ಯಕ್ರಮವನ್ನು ತಮ್ಮ ಪಡಸಾಲೆಯಲ್ಲಿ ಕೇಳಬಹುದು. ಅದು ಒಂದು ಲಾಭ. ಆದರೆ ಅದಕ್ಕಿಂತ ದೊಡ್ಡ ಲಾಭವು ನಮ್ಮ ಮನೆಗಳ ಟ್ರಂಕುಗಳಲ್ಲಿದೆ.

ಫಿಲಿಪ್ಸ್ ಕಂಪನಿಯು 1963ರಲ್ಲಿ ಹೊರತಂದ ಕ್ಯಾಸೆಟ್ಟು ಮುಂದೆ ನಮ್ಮ ಹಳ್ಳಿಹಳ್ಳಿಗಳನ್ನು ತಲುಪಿತು. ಜಾತ್ರೆಯ ಭಜನೆ, ಮದುವೆಯ ಸೋಬಾನೆ, ಮಠದ ಪ್ರವಚನ, ಕೊಲ್ಲಿ ದೇಶಕ್ಕೆ ಹೋದ ಮಗನಿಗೆ ತಾಯಿ ಮಾತನಾಡಿ ಕಳುಹಿಸಿದ ಓಲೆ, ಇಂಥವುಗಳನ್ನು ಜನ ಅದರಲ್ಲಿ ತುಂಬಿಸಿಟ್ಟರು. ಇವು ಯಾವ ಅಂಗಡಿಯಲ್ಲಿಯೂ ಸಿಗುವುದಿಲ್ಲ. ಯಾವ ಅಂತರ್ಜಾಲದಲ್ಲಿಯೂ ಇಲ್ಲ. ಇರುವುದು ಒಂದೇ ಪ್ರತಿ. ಕ್ಯಾಸೆಟ್ಟಿನ ಪಟ್ಟಿಯ ಮೇಲಿನ ಕಾಂತೀಯ ಲೇಪ ಬಿಸಿಲಿಗೆ, ತೇವಕ್ಕೆ, ಧೂಳಿಗೆ ಹಾಳಾಗುತ್ತದೆ. ನುಡಿಸುವ ಯಂತ್ರವೂ ಅಪರೂಪವಾಗುತ್ತಿದೆ. ಇನ್ನು ಹತ್ತು ವರ್ಷ ತಡಮಾಡಿದರೆ ಪಟ್ಟಿ ಉಳಿದರೂ ದನಿ ಉಳಿಯುವ ಭರವಸೆಯಿಲ್ಲ.

ಅದನ್ನು ಗಣಕಯಂತ್ರಕ್ಕೆ ಇಳಿಸುವುದು ಕಠಿಣವೇನಲ್ಲ. ಟೇಪ್ ರಿಕಾರ್ಡರಿನ ಹೊರದನಿಯ ತೂತಿನಿಂದ ಗಣಕಯಂತ್ರದ ಒಳದನಿಯ ತೂತಿಗೆ ಒಂದು ವೈರು, ಆಡಾಸಿಟಿಯಂಥ ಉಚಿತ ಸಾಫ್ಟ್‌ವೇರು, ಹಾಡು ಮುಗಿಯುವವರೆಗೆ ಕಾಯುವ ತಾಳ್ಮೆ, ಇಷ್ಟೇ ಬೇಕಾದುದು. 60 ನಿಮಿಷದ ಕ್ಯಾಸೆಟ್ಟನ್ನು ಸಿ.ಡಿ.ಯ ಗುಣಮಟ್ಟದಲ್ಲಿ ಇಟ್ಟರೆ ಸುಮಾರು 635 ಮೆಗಾಬೈಟು ಜಾಗ ಹಿಡಿಯುತ್ತದೆ. 128 ಕಿಲೋಬಿಟ್‌ನ ಎಂಪಿ3 ಆಗಿಸಿದರೆ 58ಕ್ಕೆ ಇಳಿಯುತ್ತದೆ. ಮೊದಲನೆಯದನ್ನು ಕಾಪಿಟ್ಟು, ಎರಡನೆಯದನ್ನು ದಿನಬಳಕೆಗೆ ಇಟ್ಟುಕೊಳ್ಳಬಹುದು. ಒಂದು ಪ್ರತಿ ಸಾಲದು. ಬೇರೆ ಊರಿನ ಬಂಧುಗಳ ಬಳಿ ಇನ್ನೊಂದಿರಲಿ. ಹಾಡಿದವರು ಯಾರು, ಯಾವ ಊರು, ಯಾವ ವರ್ಷ ಎಂಬುದನ್ನು ಬಲ್ಲ ಹಿರಿಯರಿರುವಾಗಲೇ ಕೇಳಿ ಬರೆದಿಡಬೇಕು. ಹೆಸರಿಲ್ಲದ ದನಿ ಮುಂದಿನ ಪೀಳಿಗೆಗೆ ಅನಾಥ. ಈ ಕೆಲಸಕ್ಕೆ ಸ್ಟೀರಿಯೊ ಹೇಗೆ ನೆರವಾಗುತ್ತದೆಂಬುದಕ್ಕೆ ಸಾಲೋಟಗಿಯ ಆ ಸಂಜೆಯೇ ಸಾಕ್ಷಿ. ಕೂಡಿ ಕೇಳಿದುದರಿಂದಲೇ ತಾಳ ಹಾಕಿದವರ ಹೆಸರುಗಳು ಹೊರಬಂದವು.

ದನಿಗೂ ಮಿತಿಯಿರಲಿ

ಕೊನೆಯದಾಗಿ ಒಂದು ವಿವೇಕದ ಮಾತು. ಪಡಸಾಲೆಗೆ ದನಿ ಬರಲಿ ಎಂದರೆ ಓಣಿಯ ನಿದ್ದೆ ಕೆಡಲಿ ಎಂದಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಶಬ್ದದ ಮಿತಿ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್; ರಾತ್ರಿ 10ರಿಂದ ಬೆಳಗಿನ 6ರವರೆಗಿನದು ರಾತ್ರಿಯ ಅವಧಿ. ಪರೀಕ್ಷೆಗೆ ಓದುವ ಮಕ್ಕಳು, ಕಾಯಿಲೆಯವರು, ಬಾಣಂತಿಯರು ನೆರೆಯಲ್ಲಿರುತ್ತಾರೆಂಬ ಎಚ್ಚರ ನಮಗಿರಬೇಕು.

ಇಯರ್‌ಫೋನಿನ ಅಪಾಯವನ್ನೂ ಮಕ್ಕಳಿಗೆ ತಿಳಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಮಾನದಂಡದಂತೆ ದೊಡ್ಡವರು ವಾರಕ್ಕೆ 40 ಗಂಟೆಗಳ ಕಾಲ 80 ಡೆಸಿಬಲ್‌ವರೆಗೆ ಕೇಳಬಹುದು. ಮಕ್ಕಳಿಗೆ ಆ ಮಿತಿ 75. ಜಗತ್ತಿನಲ್ಲಿ 12ರಿಂದ 35 ವಯಸ್ಸಿನ 100 ಕೋಟಿಗೂ ಹೆಚ್ಚು ಜನರು ದೊಡ್ಡ ದನಿಗೆ ಕಿವಿಯೊಡ್ಡಿ ಶ್ರವಣಶಕ್ತಿ ಕಳೆದುಕೊಳ್ಳುವ ಅಪಾಯದಲ್ಲಿದ್ದಾರೆಂದು ಅದೇ ಸಂಸ್ಥೆ 2022ರಲ್ಲಿ ಎಚ್ಚರಿಸಿದೆ. ಒಮ್ಮೆ ಹಾಳಾದ ಒಳಗಿವಿಯ ಸೂಕ್ಷ್ಮ ಕೋಶಗಳು ಮತ್ತೆ ಚಿಗುರುವುದಿಲ್ಲ. ಪಡಸಾಲೆಯಲ್ಲಿ ಮಂದ್ರದನಿಯಲ್ಲಿ ಕೂಡಿ ಕೇಳುವ ರೂಢಿ ಕಿವಿಗೂ ಕ್ಷೇಮ.

ತಾಯಂದಿರೇ, ತಂದೆಯಂದಿರೇ, ಎಲ್ಲ ಹೊತ್ತೂ ಎಲ್ಲರೂ ಕೂಡಿ ಕುಳಿತು ಕೇಳಬೇಕೆಂದು ನಾವು ಹೇಳುವುದಿಲ್ಲ. ಅದು ಇಂದಿನ ಬದುಕಿನಲ್ಲಿ ಆಗದ ಮಾತು. ದಿನಕ್ಕೆ ಅರ್ಧ ತಾಸು ಸಾಕು. ಒಂದು ದಿನ ಹಿರಿಯರು ಬೇಡಿದ್ದು, ಇನ್ನೊಂದು ದಿನ ಮಕ್ಕಳು ಬೇಡಿದ್ದು ಎಂದು ಸರದಿ ಇಟ್ಟುಕೊಂಡರೆ ಮುನಿಸಿಗೂ ಎಡೆಯಿರದು. ಮಕ್ಕಳಿಗೆ ಯಂತ್ರದ ವಿದ್ಯೆ ಗೊತ್ತು, ಹಿರಿಯರಿಗೆ ಹಾಡಿನ ಹಿನ್ನೆಲೆ ಗೊತ್ತು. ಒಬ್ಬರು ವೈರು ಜೋಡಿಸಲಿ, ಇನ್ನೊಬ್ಬರು ಅರ್ಥ ಹೇಳಲಿ. ಈ ತಿಂಗಳು ಟ್ರಂಕನ್ನು ತೆರೆದು ನೋಡಿರಿ. ಅಲ್ಲಿ ಒಂದಾದರೂ ಕ್ಯಾಸೆಟ್ಟು ನಿಮ್ಮ ಕೈಗಾಗಿ ಕಾದಿರಬಹುದು.